ನಿಮಗಿದು ಗೊತ್ತೆ? ಮನ್ನಣೆ ಸಿಗದ ಮೊದಲ ವಿರೋಧ ಪಕ್ಷ

1952ರ ಮೊದಲ ಲೋಕಸಭೆಯಲ್ಲಿ ಕಾಂಗ್ರೆಸ್ ಬಿಟ್ಟರೆ ಅತಿ ದೊಡ್ಡ ಪಕ್ಷ ಕಮ್ಯುನಿಸ್ಟರದು. ಆದರೆ ಸದನದ ಹತ್ತನೇ ಒಂದರಷ್ಟು ಬಲ ಬೇಕೆಂಬ ನಿಯಮಕ್ಕೆ ಅವರ 16 ಸ್ಥಾನ ಸಾಲದೆ, ಅಧಿಕೃತ ವಿರೋಧ ಪಕ್ಷದ ಮನ್ನಣೆ ತಪ್ಪಿತು. ಕಾಸರಗೋಡಿನ ಬೇವಿಂಜೆಯಲ್ಲಿ ಹುಟ್ಟಿ ಮುಂದೆ ಮಂಗಳೂರಿನವರೇ ಆದ, ಅದೇ ಪಕ್ಷದ ಬಿ.ವಿ. ಕಕ್ಕಿಲ್ಲಾಯರು ಆ ವರ್ಷವೇ ಮದರಾಸು ರಾಜ್ಯದಿಂದ ರಾಜ್ಯಸಭೆಗೆ ಹೋದರು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ 1957ರಲ್ಲಿ ಲೋಕಸಭೆಗೆ ಗೆದ್ದದ್ದೂ ಕಾಸರಗೋಡಿನಿಂದಲೇ. ಹಿಂದಿನ ವರ್ಷದವರೆಗೂ ಅದು ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು.

ಹತ್ತನೇ ಒಂದರಷ್ಟು ಬಲ ಬೇಕೆಂಬ ನಿಯಮ ನ್ಯಾಯವೇ? ಅಲ್ಲ ಎನ್ನುವುದಕ್ಕೆ ಯುರೋಪಿಯನ್ ಪಾರ್ಲಿಮೆಂಟು ಸಾಕ್ಷಿ. ಅಲ್ಲಿ 720 ಸದಸ್ಯರಲ್ಲಿ 23 ಮಂದಿ, ಕನಿಷ್ಠ ಏಳು ದೇಶಗಳವರು ಸೇರಿದರೆ ಗುಂಪಿನ ಮನ್ನಣೆ, ಮಾತಿಗೆ ಸಮಯ, ಸಮಿತಿಗಳಲ್ಲಿ ಪಾಲು. 2024ರಲ್ಲಿ 46 ಸ್ಥಾನ ಗಳಿಸಿದ ಎಡಪಂಥೀಯ ಗುಂಪು ನಮ್ಮ ಲೆಕ್ಕದಲ್ಲಿ ಮನ್ನಣೆಯಿಲ್ಲದೆ ಕೂರಬೇಕಿತ್ತು. ಮಿತಿ ಇಳಿಸಿದರೆ ಚಿಲ್ಲರೆ ಗುಂಪುಗಳು ಹೆಚ್ಚುತ್ತವೆ ಎನ್ನಬಹುದು. ಏಳು ದೇಶಗಳ ಷರತ್ತು ಇರುವುದೇ ಅದನ್ನು ತಡೆಯಲು. ಸಂಖ್ಯೆಯಿಲ್ಲದವರಿಂದ ಏನಾದೀತು ಎನ್ನುವವರೂ ಇದ್ದಾರೆ. ಅಂಥವರು ಕರ್ನಾಟಕದ ಭೂಸುಧಾರಣೆಯನ್ನು ನೋಡಲಿ. ಅದರ ಕಾನೂನು ತಂದದ್ದು ದೇವರಾಜ ಅರಸರ ಕಾಂಗ್ರೆಸ್ ಸರಕಾರವೇ, ನಿಜ. ಆದರೆ ಉಳುವವನಿಗೇ ಭೂಮಿ ಎಂಬ ಬೇಡಿಕೆಯನ್ನು ಕರಾವಳಿಯಲ್ಲಿ ಅದಕ್ಕೂ ಮೊದಲೇ ಎತ್ತಿ ಹಿಡಿದಿದ್ದವರಲ್ಲಿ ಎಡಪಂಥೀಯರು ಮುಂದಿದ್ದರು. 1972ರಲ್ಲಿ ಬಂಟ್ವಾಳದಿಂದ ವಿಧಾನಸಭೆಗೆ ಆಯ್ಕೆಯಾದ ಕಕ್ಕಿಲ್ಲಾಯರು ಕಾನೂನು ರೂಪುಗೊಳ್ಳುವಾಗ ಸದನದಲ್ಲೇ ಇದ್ದರು. 1974ರ ಮಾರ್ಚ್ 1ರಂದು ಗೇಣಿ ಜಮೀನು ಸರಕಾರದ ಸ್ವಾಧೀನಕ್ಕೆ ಬಂತು. ಒಕ್ಕಲುಗಳು ಏಳನೇ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತರು.