ಸಣ್ಣ ಗಾಡಿಯನ್ನು ಬಿಟ್ಟುಕೊಟ್ಟವರು

ಹೊಸಕೋಟೆ ದಾಟಿ ಕೋಲಾರದ ದಾರಿ ಹಿಡಿದರೆ ನರಸಾಪುರದಲ್ಲಿ ಹೋಂಡಾ ಕಾರ್ಖಾನೆ ಸಿಗುತ್ತದೆ, 2013ರಲ್ಲಿ ಶುರುವಾದದ್ದು. ಅತ್ತ ಆನೇಕಲ್ಲಿನ ಆಚೆ, ತಮಿಳುನಾಡಿನ ಗಡಿಯೊಳಗೆ ಹೊಸೂರಿನ ಟಿವಿಎಸ್. ಬ್ರಿಟನ್ನಿನ ಹೆಸರಾಂತ ನಾರ್ಟನ್ ಬೈಕ್ ಕಂಪನಿಯನ್ನು 2020ರಲ್ಲಿ ಕೊಂಡದ್ದು ಇದೇ ಟಿವಿಎಸ್. ಎರಡನೇ ಮಹಾಯುದ್ಧ ಮುಗಿದ ಕಾಲದಲ್ಲಿ ಇದನ್ನು ಯಾರಾದರೂ ಹೇಳಿದ್ದರೆ ನಂಬುವವರಿರಲಿಲ್ಲ. ಆಗ ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ, ಮೆರಿಡನ್ನಿನ ಟ್ರಯಂಫ್, ರೆಡಿಚ್ಚಿನ ರಾಯಲ್ ಎನ್‌ಫೀಲ್ಡ್ ಗಾಡಿಗಳು ಹಡಗು ಹತ್ತಿ ಲೋಕವೆಲ್ಲ ಸುತ್ತುತ್ತಿದ್ದವು. ಮೂರು ದಶಕ ಕಳೆಯುವಷ್ಟರಲ್ಲಿ ಆ ಉದ್ಯಮ ನೆಲಕಚ್ಚಿತ್ತು.

ಜಪಾನಿನವರು ಬಂದು ಮುಗಿಸಿದರು ಎನ್ನುವುದು ಸುಲಭದ ವಿವರಣೆ. ಅವರಿಗೆ ಬಾಗಿಲು ತೆರೆದುಕೊಟ್ಟವರು ಯಾರು ಎಂದು ನೋಡಬೇಕು. ಹೋಂಡಾ 1958ರಲ್ಲಿ 50 ಸಿಸಿಯ ಸೂಪರ್ ಕಬ್ ತಂದಾಗ ಬ್ರಿಟಿಷ್ ಮಾಲೀಕರು ತಲೆಕೆಡಿಸಿಕೊಳ್ಳಲಿಲ್ಲ. ಸಣ್ಣ ಗಾಡಿಯಲ್ಲಿ ಲಾಭ ಕಡಿಮೆ, ಅದರಲ್ಲಿ ಓಡಿಸಲು ಕಲಿತವರು ನಾಳೆ ನಮ್ಮ ದೊಡ್ಡ ಗಾಡಿಗೇ ಬರುತ್ತಾರೆ ಎಂದುಕೊಂಡರು. ಬಿಎಸ್‌ಎಯ ಜನಪ್ರಿಯ ಸಣ್ಣ ಗಾಡಿ ಬ್ಯಾಂಟಮ್‌ನ ವಿನ್ಯಾಸವೂ ಅವರದಲ್ಲ, ಸೋತ ಜರ್ಮನಿಯಿಂದ ಯುದ್ಧ ಪರಿಹಾರವಾಗಿ ಬಂದದ್ದು. ಕಲಿತ ಹುಡುಗರು ದೊಡ್ಡ ಗಾಡಿ ಕೇಳಿದಾಗ ಅದನ್ನೂ ಹೋಂಡಾವೇ ಕೊಟ್ಟಿತು. 1969ರ ಸಿಬಿ 750ಕ್ಕೆ ನಾಲ್ಕು ಸಿಲಿಂಡರ್, ಬಟನ್ ಸ್ಟಾರ್ಟ್, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್. ಅದರ ಎದುರು ನಿಂತ ಬ್ರಿಟಿಷ್ ಗಾಡಿಗೆ ಇನ್ನೂ ಕಿಕ್ ಹೊಡೆಯಬೇಕಿತ್ತು. ಎಂಜಿನ್ನಿನ ಕೆಳಗಿನ ಪೆಟ್ಟಿಗೆಯನ್ನು ನೆಟ್ಟಗೆ ಎರಡು ಹೋಳಾಗಿ ಮಾಡಿ ಜೋಡಿಸುವ ಹಳೆಯ ಕ್ರಮವೂ ಉಳಿದಿತ್ತು. ಆಯಿಲ್ ನಿಲ್ಲುವ ತಳದಲ್ಲೇ ಜೋಡಣೆ, ಅಲ್ಲೇ ಸೋರಿಕೆ. 1973ರಲ್ಲಿ ಸರ್ಕಾರ ಹಣ ಕೊಟ್ಟು ಉಳಿದ ಕಂಪನಿಗಳನ್ನು ಒಂದು ಮಾಡಿತು. ಮೆರಿಡನ್ ಮುಚ್ಚುತ್ತೇವೆಂದಾಗ ಕಾರ್ಮಿಕರು ಕಾರ್ಖಾನೆಯೊಳಗೇ ಕೂತು ಅದನ್ನು ಉಳಿಸಿಕೊಂಡರು, ಸಹಕಾರ ಸಂಘ ಕಟ್ಟಿ 1983ರವರೆಗೆ ನಡೆಸಿದರು. ಈ ಕಥೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವವರು ಅವರೇ.

ಮೆರಿಡನ್ ಮುಚ್ಚಿದ ಎರಡೇ ವರ್ಷಕ್ಕೆ ಅದೇ ಪಾಠ ನಮ್ಮ ಮೈಸೂರಿಗೆ ಬಂತು. ರುಸ್ತುಂ ಇರಾನಿ, ಫರೂಖ್ ಇರಾನಿ ಅವರು ಕಟ್ಟಿದ ಐಡಿಯಲ್ ಜಾವಾ 1961ರಲ್ಲಿ ಯಾದವಗಿರಿಯಲ್ಲಿ ಕೆಲಸ ಶುರುಮಾಡಿತ್ತು. ಜೆಕ್ ವಿನ್ಯಾಸ, 250 ಸಿಸಿ ಟೂ ಸ್ಟ್ರೋಕ್ ಎಂಜಿನ್, ಎರಡು ಸೈಲೆನ್ಸರ್. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. 1973ರಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. ಲೈಸೆನ್ಸ್ ರಾಜ್‌ನಲ್ಲಿ ಪೈಪೋಟಿ ಕಡಿಮೆ, ಹಾಗಾಗಿ ಎಂಜಿನ್ನನ್ನು ಬುಡದಿಂದ ಬದಲಿಸುವ ಒತ್ತಡವೂ ಇರಲಿಲ್ಲ.

ಸರ್ಕಾರ ಜಪಾನಿ ಸಹಯೋಗಕ್ಕೆ ಒಪ್ಪಿದ ಮೇಲೆ 1985ರಲ್ಲಿ ಹೀರೋ ಹೋಂಡಾ ಸಿಡಿ 100 ರಸ್ತೆಗಿಳಿಯಿತು. ಲೀಟರಿಗೆ 80 ಕಿ.ಮೀ. ಎಂಬುದು ಅದರ ಪ್ರಚಾರ. ಯೆಜ್ಡಿ ಅದರ ಅರ್ಧವನ್ನೂ ಕೊಡುತ್ತಿರಲಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಪೆಟ್ರೋಲ್ ಮಿಶ್ರಣ ಒಳಗೆ ಬರುವಾಗಲೇ ಸುಟ್ಟ ಹೊಗೆ ಹೊರಗೆ ಹೋಗುತ್ತದೆ, ಜೊತೆಯಲ್ಲಿ ಸುಡದ ಪೆಟ್ರೋಲೂ ಸ್ವಲ್ಪ ಹೋಗಿಬಿಡುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸುವುದರಿಂದ ಹೊಗೆಯೂ ಹೆಚ್ಚು. ದಿನಾ ಕೆಲಸಕ್ಕೆ ಹೋಗಿಬರುವವನು ಬಂಕಿನಲ್ಲಿ ಕೊಡುವ ದುಡ್ಡಿನ ಲೆಕ್ಕ ಹಾಕಿದ. ಯೆಜ್ಡಿಯ ಗಟ್ಟಿತನ ಆ ಲೆಕ್ಕದ ಮುಂದೆ ನಿಲ್ಲಲಿಲ್ಲ. ಹೊಗೆ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಕಂಪನಿ ಸಮಾಪನೆಗೆ ಹೋಯಿತು. ಬರ್ಮಿಂಗ್‌ಹ್ಯಾಮಿನವರಿಗೆ ಮುಂದೇನಾಗುತ್ತದೆ ಎಂದು ತೋರಿಸುವವರು ಯಾರೂ ಇರಲಿಲ್ಲ. ಮೈಸೂರಿನ ಮುಂದೆ ಬರ್ಮಿಂಗ್‌ಹ್ಯಾಮೇ ಇತ್ತು. ಅದಕ್ಕೇ ಈ ನಷ್ಟ ಹೆಚ್ಚು ನೋಯುತ್ತದೆ.

ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಬೇರೆ ಕಂಪನಿಯ ಕೈಯಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು. ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ, ಎಂಜಿನ್ ಫೋರ್ ಸ್ಟ್ರೋಕ್.