ವಿದ್ಯುತ್ ರೈಲೆಂಜಿನ್ನುಗಳ ಬಾಲಾರಿಷ್ಟಗಳು

ಜ್ಯೋತಿಶ್ಶಾಸ್ತ್ರದಲ್ಲಿ ‘ಬಾಲಾರಿಷ್ಟ’ ಎಂಬುದೊಂದು ಪಾರಿಭಾಷಿಕ ಶಬ್ದ. ಜನಿಸಿದ ಶಿಶುವಿಗೆ ಮೊದಲ ಕೆಲವು ವರ್ಷಗಳಲ್ಲಿ ಒದಗಬಹುದಾದ ಕಂಟಕಗಳನ್ನು ಅದು ಸೂಚಿಸುತ್ತದೆ. ಈ ಶಬ್ದವು ಜಾತಕದ ಎಲ್ಲೆಯನ್ನು ದಾಟಿ ಲೋಕದ ಬಳಕೆಗೆ ಬಂದು ಬಹುಕಾಲವಾಯಿತು. ಹೊಸ ಸಂಘವಾಗಲಿ, ಹೊಸ ಕಾರ್ಖಾನೆಯಾಗಲಿ ಆರಂಭದಲ್ಲಿ ಮುಗ್ಗರಿಸಿದರೆ ‘ಬಾಲಾರಿಷ್ಟ ಕಳೆಯಲಿ’ ಎನ್ನುವುದು ಹಿರಿಯರ ವಾಡಿಕೆ. ಯಂತ್ರಗಳಿಗೂ ಬಾಲಾರಿಷ್ಟವುಂಟು. ಚಾಮರಾಜನಗರದ ನಿಲ್ದಾಣದಲ್ಲಿ ಇಂದು ಹೊಗೆಯಿಲ್ಲದೆ ಬಂದು ನಿಲ್ಲುವ ವಿದ್ಯುತ್ ಎಂಜಿನ್ನು ಎಷ್ಟು ಕಂಟಕಗಳನ್ನು ಕಳೆದುಕೊಂಡು ಇಲ್ಲಿಯವರೆಗೆ ಬಂದಿದೆಯೆಂಬುದನ್ನು ತಿಳಿದವರು ವಿರಳ.

ಈ ಸೀಮೆಗೆ ರೈಲು ಹಂತಹಂತವಾಗಿ ಬಂದಿತು. 1891ರಲ್ಲಿ ಮೈಸೂರಿನಿಂದ ನಂಜನಗೂಡಿನವರೆಗೆ ಮೀಟರ್ ಗೇಜ್ ಹಳಿ ಮುಟ್ಟಿತು. ಕಪಿಲೆಯನ್ನು ದಾಟಿಸಲು ಹೊಸ ಸೇತುವೆಯನ್ನು ಕಟ್ಟುವ ಬದಲು, ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, ಎಂದರೆ 1735ರಲ್ಲಿ, ಕಟ್ಟಿದ ಕಲ್ಲಿನ ಸೇತುವೆಯ ಮೇಲೆಯೇ ಹಳಿ ಹಾಸಿದರು. ಗಾಡಿ ಎತ್ತುಗಳಿಗೆಂದು ಕಟ್ಟಿದ ಸೇತುವೆ ಉಗಿಬಂಡಿಯ ಭಾರವನ್ನೂ ಹೊತ್ತಿತು. ಕಟ್ಟಿದ ಕೈಗಳಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕಿಲ್ಲ. ಅಲ್ಲಿಂದ ಚಾಮರಾಜನಗರಕ್ಕೆ ರೈಲು ಬರಲು 1926ರವರೆಗೆ ಕಾಯಬೇಕಾಯಿತು. ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ 1,000 ಮಿಲಿಮೀಟರ್ ಅಗಲದ ಹಳಿ ಹೋಗಿ 1,676 ಮಿಲಿಮೀಟರ್ ಅಗಲದ ಬ್ರಾಡ್‌ಗೇಜ್ ಬಂದಿತು; ಹಳೆಯ ಸೇತುವೆ ರೈಲಿನ ಸೇವೆಯಿಂದ ನಿವೃತ್ತವಾಯಿತು. ಬೆಂಗಳೂರು–ಮೈಸೂರು ಮಾರ್ಗಕ್ಕೆ 2017ರ ಸುಮಾರಿಗೆ ವಿದ್ಯುತ್ ತಂತಿ ಪೂರ್ಣವಾಗಿ ಬಂದರೆ, ಮೈಸೂರು–ಚಾಮರಾಜನಗರ ಕವಲಿಗೆ ಅದು 2020ರ ಅನಂತರದ ವರ್ಷಗಳಲ್ಲಿ ಬಂದಿತು.

ಎಂಜಿನ್ನಿನ ಒಳಗಿನ ವ್ಯವಹಾರವನ್ನು ಸ್ಥೂಲವಾಗಿಯಾದರೂ ಅರಿತುಕೊಳ್ಳದೆ ಅದರ ಕಂಟಕಗಳು ತಿಳಿಯುವುದಿಲ್ಲ. ಹಳಿಯ ಮೇಲೆ ಸುಮಾರು ಐದೂವರೆ ಮೀಟರ್ ಎತ್ತರದಲ್ಲಿ ತೂಗುವ ತಂತಿಯಲ್ಲಿ 25,000 ವೋಲ್ಟಿನ ವಿದ್ಯುತ್ತು ಹರಿಯುತ್ತಿರುತ್ತದೆ. ಎಂಜಿನ್ನಿನ ನೆತ್ತಿಯ ಮೇಲೆ ಮಡಚಿ ಬಿಚ್ಚುವ ಚೌಕಟ್ಟೊಂದಿದೆ. ಅದಕ್ಕೆ ಪ್ಯಾಂಟೋಗ್ರಾಫ್ ಎಂದು ಹೆಸರು. ಅದು ತಂತಿಯನ್ನು ಒತ್ತಿಕೊಂಡು ಉಜ್ಜುತ್ತ ವಿದ್ಯುತ್ತನ್ನು ಒಳಗೆ ತರುತ್ತದೆ. ಒಳಗಿನ ಟ್ರಾನ್ಸ್‌ಫಾರ್ಮರ್ ಆ ಒತ್ತಡವನ್ನು ತಗ್ಗಿಸುತ್ತದೆ. ಅಲ್ಲಿಂದ ಮುಂದೆ ವಿದ್ಯುತ್ತನ್ನು ಮೋಟಾರಿಗೆ ಒಪ್ಪುವ ರೂಪಕ್ಕೆ ತಿರುಗಿಸಿ, ಅಳೆದು, ಬೇಕಾದಷ್ಟನ್ನೇ ಕೊಡಬೇಕು. ವಿದ್ಯುತ್ ಎಂಜಿನ್ನಿನ ಚರಿತ್ರೆಯ ಬಹುಪಾಲು ಕಷ್ಟಗಳು ಈ ನಡುವಣ ಹಂತದಲ್ಲಿಯೇ ಅಡಗಿವೆ.

ಭಾರತದಲ್ಲಿ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾದವರೆಗೆ ಓಡಿತು. ಅದು 1,500 ವೋಲ್ಟಿನ ಏಕಮುಖ ವಿದ್ಯುತ್ತಿನ ಪದ್ಧತಿ. 25,000 ವೋಲ್ಟಿನ ಪರ್ಯಾಯ ವಿದ್ಯುತ್ ಪದ್ಧತಿಯನ್ನು ಸ್ವೀಕರಿಸುವ ನಿರ್ಧಾರವಾದದ್ದು 1957ರಲ್ಲಿ, ಫ್ರಾನ್ಸಿನ ರೈಲ್ವೆಯ ನೆರವಿನಿಂದ. ಅದಕ್ಕೆಂದು 1959ರಿಂದ ಯೂರೋಪಿನ ಕಾರ್ಖಾನೆಗಳ ಕೂಟವೊಂದು ಕಳುಹಿಸಿದ ಎಂಜಿನ್ನುಗಳಿಗೆ ಡಬ್ಲ್ಯು.ಎ.ಎಂ.-1 ಎಂದು ಹೆಸರು. ಈ ಅಕ್ಷರಗಳು ಕೇವಲ ಗುರುತಲ್ಲ. ಸಮಾಸಪದವನ್ನು ಬಿಡಿಸಿದಂತೆ ಇವನ್ನೂ ಬಿಡಿಸಬಹುದು. ‘ಡಬ್ಲ್ಯು’ ಎಂದರೆ ಅಗಲ ಹಳಿ, ‘ಎ’ ಎಂದರೆ ಪರ್ಯಾಯ ವಿದ್ಯುತ್ತು, ‘ಎಂ’ ಎಂದರೆ ಮಿಶ್ರ, ಎಂದರೆ ಸರಕಿಗೂ ಪ್ರಯಾಣಿಕರಿಗೂ ಸಲ್ಲುವುದು, ‘ಪಿ’ ಎಂದರೆ ಪ್ರಯಾಣಿಕರಿಗೆ ಮೀಸಲು.

ಆ ಮೊದಲ ಎಂಜಿನ್ನುಗಳು ಈ ದೇಶದ ದುಡಿಮೆಗೆ ಪೂರ್ಣವಾಗಿ ಒಗ್ಗಲಿಲ್ಲ. ವಿದ್ಯುತ್ತನ್ನು ಏಕಮುಖಗೊಳಿಸಲು ಪಾದರಸದ ಇಗ್ನಿಟ್ರಾನ್ ಎಂಬ ಸೂಕ್ಷ್ಮ ನಾಳಗಳು. ಇವುಗಳ ಅನುಭವದಿಂದ ಪಾಠ ಕಲಿತ ಚಿತ್ತರಂಜನ್ ಕಾರ್ಖಾನೆಯವರು 1970ರ ಸುಮಾರಿಗೆ ಡಬ್ಲ್ಯು.ಎ.ಎಂ.-4ನ್ನು ರಚಿಸಿದಾಗ ಒಂದು ಜಾಣತನ ತೋರಿದರು. ಅದಾಗಲೇ ದೇಶದ ಹಳಿಗಳ ಮೇಲೆ ಪಳಗಿದ್ದ ಡೀಸೆಲ್ ಎಂಜಿನ್ನಿನ ಬೋಗಿ ಚೌಕಟ್ಟನ್ನೇ ತಂದು ಹೊಸ ಎಂಜಿನ್ನಿಗೆ ಜೋಡಿಸಿದರು. ಅದರ ಸಂತತಿಯೇ 1980ರ ಡಬ್ಲ್ಯು.ಎ.ಪಿ.-1, ಪ್ರಯಾಣಿಕರ ರೈಲಿಗೆ ಮೀಸಲಾದ ಎಂಜಿನ್ನು. ಎಲ್ಲ ಸಂತಾನವೂ ಬದುಕಲಿಲ್ಲ. ಹೆಚ್ಚಿನ ವೇಗಕ್ಕೆಂದು 1990ರ ದಶಕದಲ್ಲಿ ರೂಪಿಸಿದ ಡಬ್ಲ್ಯು.ಎ.ಪಿ.-6 ಪರೀಕ್ಷೆಯ ಓಟಗಳಲ್ಲಿ ಗುರಿ ಮುಟ್ಟಲಿಲ್ಲ. ಆ ಎಂಜಿನ್ನುಗಳನ್ನು ಡಬ್ಲ್ಯು.ಎ.ಪಿ.-4ಗಳಾಗಿ ಮಾರ್ಪಡಿಸಿ ಕೆಲಸಕ್ಕೆ ಹಚ್ಚಿದರು. ಸೋಲನ್ನು ಮುಚ್ಚಿಡದೆ, ಲೋಹವನ್ನೂ ಹಾಳುಮಾಡದೆ ನಡೆದುಕೊಂಡ ಈ ರೀತಿ ಮೆಚ್ಚತಕ್ಕದ್ದು.

ನಿಜವಾದ ಯುಗಾಂತರವಾದದ್ದು 1995ರಲ್ಲಿ. ಸ್ವಿಟ್ಜರ್ಲೆಂಡಿನಿಂದ ಎ.ಬಿ.ಬಿ. ಸಂಸ್ಥೆಯ ಡಬ್ಲ್ಯು.ಎ.ಪಿ.-5 ಎಂಜಿನ್ನುಗಳು ಬಂದವು. ಜತೆಗೆ ಸರಕಿನ ಡಬ್ಲ್ಯು.ಎ.ಜಿ.-9, ಅವನ್ನು ಇಲ್ಲಿಯೇ ತಯಾರಿಸುವ ವಿದ್ಯೆ. ಹಳೆಯ ಮೋಟಾರುಗಳಲ್ಲಿ ಇಂಗಾಲದ ಬ್ರಷ್ಷುಗಳು ಉಜ್ಜಿ ಸವೆಯುತ್ತಿದ್ದವು. ಹೊಸ ತ್ರಿಫೇಸ್ ಮೋಟಾರಿಗೆ ಬ್ರಷ್ಷೇ ಇಲ್ಲ. ಬ್ರೇಕು ಹಾಕಿದಾಗ ಮೋಟಾರುಗಳೇ ಜನರೇಟರುಗಳಾಗಿ ತಂತಿಗೆ ವಿದ್ಯುತ್ತನ್ನು ಮರಳಿಸುತ್ತವೆ. ಆದರೆ ಇಷ್ಟನ್ನೂ ಆಳುವುದು ಸಿಲಿಕಾನಿನ ಸ್ವಿಚ್ಚುಗಳು. ಮೊದಲು ಬಂದ ಜಿ.ಟಿ.ಒ. ಎಂಬ ಬಗೆಗೆ ಕಾಯುವಿಕೆ, ತಂಪು, ಸಹಾಯಕ ಮಂಡಲಗಳು ಹೆಚ್ಚಾಗಿ ಬೇಕು. ಲೋಕದಲ್ಲೆಲ್ಲ ಅದರ ಬಳಕೆ ಕಡಮೆಯಾಗುತ್ತ ಬಂದಂತೆ ಬಿಡಿಭಾಗಗಳೂ ದುರ್ಲಭವಾದವು. 2010ರ ದಶಕದಲ್ಲಿ ಐ.ಜಿ.ಬಿ.ಟಿ. ಎಂಬ ಸುಧಾರಿತ ಬಗೆ ಅದರ ಸ್ಥಾನಕ್ಕೆ ಬಂದಿತು. ಸರಕಿನ ಎಂಜಿನ್ನಿನ ಹಲ್ಲುಚಕ್ರಗಳ ಅನುಪಾತವನ್ನು ಬದಲಿಸಿ ಚಿತ್ತರಂಜನ್‌ನಲ್ಲಿ ಮಾಡಿದ ಡಬ್ಲ್ಯು.ಎ.ಪಿ.-7 ಇಂದು ಪ್ರಯಾಣಿಕರ ರೈಲುಗಳ ಮುಖ್ಯ ಆಧಾರ. ಅದರ ತೂಕ 123 ಟನ್ನು. ಶಕ್ತಿ ಆರು ಸಾವಿರ ಅಶ್ವಶಕ್ತಿಗೂ ಮಿಗಿಲು.

ಎಂಜಿನ್ನು ಚೆನ್ನಾಗಿದ್ದರೂ ಹೊಸ ಮಾರ್ಗಕ್ಕೆ ಬಂದಾಗ ಅರಿಷ್ಟಗಳು ಬೇರೆ ರೂಪದಲ್ಲಿ ಕಾದಿರುತ್ತವೆ. ತಂತಿಗೆ ವಿದ್ಯುತ್ತನ್ನು ಕೊಡುವ ಉಪಕೇಂದ್ರಗಳು ಹಲವು ಹತ್ತು ಕಿಲೋಮೀಟರುಗಳಿಗೊಂದರಂತೆ ಇರುತ್ತವೆ. ಎರಡು ಕೇಂದ್ರಗಳ ವಿದ್ಯುತ್ತು ಬೇರೆ ಬೇರೆ ಫೇಸಿನದಾದುದರಿಂದ ಒಂದರೊಡನೊಂದು ಕೂಡಕೂಡದು; ನಡುವೆ ವಿದ್ಯುತ್ತಿಲ್ಲದ ತುಣುಕೊಂದನ್ನು ಬಿಟ್ಟಿರುತ್ತಾರೆ. ಅಲ್ಲಿಗೆ ಬರುವ ಮೊದಲೇ ಚಾಲಕನು ಎಂಜಿನ್ನಿನ ಮುಖ್ಯ ಸ್ವಿಚ್ಚನ್ನು ತೆರೆದು, ಓಟದ ಬಲದಿಂದಲೇ ದಾಟಿ, ಮತ್ತೆ ಮುಚ್ಚಬೇಕು. ಡೀಸೆಲ್ ಎಂಜಿನ್ನಿನಲ್ಲಿ ಆಯುಷ್ಯ ಕಳೆದವನಿಗೆ ಇದು ಹೊಸ ಪಾಠ. ವೇಗ ಸಾಲದೆ ಎಂಜಿನ್ನು ಆ ತುಣುಕಿನ ಕೆಳಗೇ ನಿಂತರೆ, 123 ಟನ್ನಿನ ಯಂತ್ರ ಜಡವಾದ ಬಂಡೆ.

ದ್ವಿಪಥದ ಮಾರ್ಗದಲ್ಲಾದರೆ ಪಕ್ಕದ ಹಳಿಯಲ್ಲಿ ಬೇರೆ ರೈಲುಗಳು ಹೇಗೋ ಸಾಗುತ್ತವೆ. ಚಾಮರಾಜನಗರದ ಕವಲಾದರೋ ಏಕಪಥ. ಕವಲಂದೆಗೂ ಬದನಗುಪ್ಪೆಗೂ ನಡುವೆ ಒಂದು ಎಂಜಿನ್ನು ಕೆಟ್ಟು ನಿಂತಿತೆಂದರೆ, ಸಹಾಯದ ಎಂಜಿನ್ನು ಬಂದು ಎಳೆಯುವವರೆಗೆ ಆ ಹಾದಿಯಲ್ಲಿ ಬೇರೆ ರೈಲು ದಾಟುವಂತಿಲ್ಲ. ಬೆಳಗ್ಗೆ ಮೈಸೂರಿನ ಕಾಲೇಜಿಗೆ, ಆಸ್ಪತ್ರೆಗೆ, ಕಚೇರಿಗೆ ಹೊರಟವರ ದಿನವೇ ಕೆಡುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆಯ ದಿನವೋ, ಆಷಾಢದ ಚಾಮರಾಜೇಶ್ವರ ರಥೋತ್ಸವದ ದಿನವೋ ಆದರೆ ಕೇಳುವುದೇ ಬೇಡ. ಮುಖ್ಯಮಾರ್ಗದಲ್ಲಿ ಸಣ್ಣದೆನಿಸುವ ದೋಷ ಕವಲುಮಾರ್ಗದಲ್ಲಿ ದೊಡ್ಡದಾಗುವುದು ಹೀಗೆ.

ತಂತಿಗೂ ಅದರ ಪಾಡುಗಳಿವೆ. ಹಕ್ಕಿಗಳು ಗೂಡಿಗೆಂದು ತರುವ ತುಂಡುತಂತಿ, ಗಾಳಿಗೆ ಮುರಿದು ಬೀಳುವ ಕೊಂಬೆ, ಇನ್ಸುಲೇಟರಿನ ಮೇಲೆ ಕೂತ ಧೂಳು ಮೊದಲ ಮಳೆಗೆ ನೆನೆದು ವಿದ್ಯುತ್ತಿಗೆ ದಾರಿಯಾಗುವುದು, ಇವೆಲ್ಲ ಎಲ್ಲ ಮಾರ್ಗಗಳಲ್ಲಿಯೂ ಕಂಡುಬಂದವು. ರೈಲ್ವೆ ಗೇಟುಗಳ ಎರಡು ಬದಿಯಲ್ಲಿ ನಿಲ್ಲಿಸಿರುವ ಕಬ್ಬಿಣದ ಕಮಾನು ಅಲಂಕಾರಕ್ಕಲ್ಲ. ಹುಲ್ಲು, ಕಬ್ಬು ಹೇರಿದ ಲಾರಿಯ ಎತ್ತರವನ್ನು ಅದು ಅಳೆಯುತ್ತದೆ. 25,000 ವೋಲ್ಟಿನ ತಂತಿಯನ್ನು ಮುಟ್ಟಬೇಕಾಗಿಯೇ ಇಲ್ಲ. ಸಮೀಪಕ್ಕೆ ಹೋದರೂ ಅದು ಗಾಳಿಯನ್ನು ಹಾಯ್ದು ಸುಡುತ್ತದೆ. ಎರಡು ಮೀಟರ್ ದೂರವನ್ನು ಬಿಡಬೇಕೆಂಬುದು ನಿಯಮ. ನಿಂತ ಬೋಗಿಯ ಮೇಲೆ ಹತ್ತಿ ಚಿತ್ರ ತೆಗೆಸಿಕೊಳ್ಳಹೋದ ಹುಡುಗರು ದೇಶದ ಹಲವೆಡೆ ಪ್ರಾಣ ಕಳೆದುಕೊಂಡಿದ್ದಾರೆ. ಅಧ್ಯಾಪಕರು ತರಗತಿಯಲ್ಲಿ ಹತ್ತು ನಿಮಿಷ ತೆಗೆದು ಇದನ್ನು ಹೇಳಿದರೆ ವಿಜ್ಞಾನದ ಪಾಠವೂ ಆದೀತು, ಜೀವವೂ ಉಳಿದೀತು.

ಎಂಜಿನ್ನೇ ಬೇರೆಯಾಗಿರದ ವಂದೇ ಭಾರತ್ ರೈಲಿಗೂ ಈ ಅರಿಷ್ಟ ತಪ್ಪಲಿಲ್ಲ. 2019ರ ಫೆಬ್ರವರಿ 15ರಂದು ದೆಹಲಿಯಲ್ಲಿ ಉದ್ಘಾಟನೆಯಾದ ಮೊದಲ ರೈಲು ಮರುದಿನವೇ ಹಿಂದಿರುಗುವಾಗ ಟುಂಡ್ಲಾದ ಸಮೀಪ ನಿಂತುಹೋಯಿತು. ಆಗ ನಕ್ಕವರು ಬಹಳ. 2022ರ ನವೆಂಬರ್ 11ರಂದು ಅದೇ ಬಗೆಯ ರೈಲು ಚೆನ್ನೈ–ಮೈಸೂರು ನಡುವೆ ಆರಂಭವಾದಾಗ ಟಿಕೇಟಿಗಾಗಿ ಕಾದವರಲ್ಲಿ ಆ ನಕ್ಕವರೂ ಇದ್ದಿರಬೇಕು.

ಬಂದ ಲಾಭವೂ ಅಲ್ಪವಲ್ಲ. ಮೊದಲು ಚೆನ್ನೈಯಿಂದ ಬಂದ ಶತಾಬ್ದಿ ಎಕ್ಸ್‌ಪ್ರೆಸ್ ಬೆಂಗಳೂರಿನಲ್ಲಿ ವಿದ್ಯುತ್ ಎಂಜಿನ್ನನ್ನು ಕಳಚಿ ಡೀಸೆಲ್ ಎಂಜಿನ್ನನ್ನು ಕಟ್ಟಿಕೊಂಡು ಮೈಸೂರಿಗೆ ಬರಬೇಕಾಗಿತ್ತು. ಈಗ ಚಾಮರಾಜನಗರದಿಂದ ತಿರುಪತಿಗೆ ಹೋಗುವ ರೈಲಿಗೂ ದಾರಿಯುದ್ದಕ್ಕೂ ಮೇಲೆ ತಂತಿಯಿದೆ. ನಡುವೆ ಎಂಜಿನ್ನು ಬದಲಿಸುವ ಅಗತ್ಯ ಉಳಿದಿಲ್ಲ. ಚಾಮರಾಜನಗರ ಮಾರ್ಗದ ಕೊನೆ. ಎಂಜಿನ್ನು ಬೋಗಿಗಳನ್ನು ಬಿಟ್ಟು, ಪಕ್ಕದ ಹಳಿಯಿಂದ ಸುತ್ತಿ, ಇನ್ನೊಂದು ತುದಿಗೆ ಸೇರಿದರಾಯಿತು. ಎರಡು ಮುಖದಲ್ಲಿಯೂ ಚಾಲಕನ ಕೋಣೆಯಿರುವುದರಿಂದ ಉಗಿಬಂಡಿಯಂತೆ ಅದನ್ನು ತಿರುಗಿಸಿ ನಿಲ್ಲಿಸಬೇಕಾಗಿಲ್ಲ.

ಚಾಮರಾಜನಗರದಿಂದ ಸತ್ಯಮಂಗಲದ ಮೂಲಕ ಮೆಟ್ಟುಪಾಳಯಕ್ಕೆ, ನಂಜನಗೂಡಿನಿಂದ ಕೇರಳದ ನಿಲಂಬೂರಿಗೆ ಹಳಿ ಹಾಕುವ ಮಾತುಗಳು ಬಹುಕಾಲದಿಂದ ಇವೆ. ಎರಡಕ್ಕೂ ಅಡ್ಡ ನಿಂತದ್ದು ಅರಣ್ಯ. ಆನೆ ಹುಲಿಗಳಿರುವ ಕಾಡಿನಲ್ಲಿ ಸದ್ದಿಲ್ಲದೆ ವೇಗವಾಗಿ ಬರುವ ವಿದ್ಯುತ್ ರೈಲು ಇನ್ನೂ ಅಪಾಯಕರವೆಂಬ ವಾದವನ್ನು ತಳ್ಳಿಹಾಕಲಾಗದು. ಆದುದರಿಂದ ಗುಂಡ್ಲುಪೇಟೆಗೆ ಇಂದಿಗೂ ರೈಲಿಲ್ಲ. ಅಲ್ಲಿಯ ಅರಿಸಿನ, ಈರುಳ್ಳಿ, ಚೆಂಡುಹೂವು ಲಾರಿಗಳಲ್ಲಿಯೇ ಹೊರಡುತ್ತವೆ. ರೈಲು ಹಿಡಿಯಬೇಕಾದ ವಿದ್ಯಾರ್ಥಿಗಳು ನಸುಕಿನಲ್ಲಿ ಬಸ್ಸು ಹತ್ತಿ ಚಾಮರಾಜನಗರಕ್ಕೋ ನಂಜನಗೂಡಿಗೋ ಹೋಗುತ್ತಾರೆ.