ಮನೆಯಲ್ಲೇ ಮಾಡಿಡಿ ಮೊಳಕೆ ರಾಗಿ ಹಿಟ್ಟು

'ರಾಗಿ ತಿಂದವ ನಿರೋಗಿ' ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ನಾಲೆಯ ನೀರು ಬಂದು ಭತ್ತ, ಕಬ್ಬು ಹೆಚ್ಚಿದ ಮೇಲೂ ಮುದ್ದೆಯಿಲ್ಲದ ಊಟ ಊಟವೆನಿಸುವುದಿಲ್ಲ. 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ತಳಿ ವಿಜ್ಞಾನಿ, ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ರೂಪಿಸಿದ್ದು ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿಯೇ. ಹೀಗಿದ್ದರೂ ಮಗುವಿಗೆ ಆರು ತಿಂಗಳು ತುಂಬುತ್ತಿದ್ದಂತೆ ಅಂಗಡಿಯಿಂದ ಬಣ್ಣದ ಡಬ್ಬ ತರುವ ಮನೆಗಳು ಈಗ ಹೆಚ್ಚಾಗಿವೆ. ವಯಸ್ಸಾದವರಿಗೆ 'ಶಕ್ತಿ ಬರಲಿ' ಎಂದು ತರುವ ಪುಡಿಯೂ ಅಂಗಡಿಯದೇ.

ಇಂಥ ಪುಡಿಯನ್ನು ಮನೆಯಲ್ಲೇ ಮಾಡಿ ಡಬ್ಬದಲ್ಲಿ ಇಟ್ಟುಕೊಳ್ಳುವುದು ಕಷ್ಟವಲ್ಲ, ಖರ್ಚೂ ಕಡಿಮೆ. ಆದರೆ ಮೂರು ವಿಷಯಗಳಲ್ಲಿ ಎಚ್ಚರ ಬೇಕು. ಹಿಟ್ಟು ಚೆನ್ನಾಗಿ ಒಣಗಿರಬೇಕು. ಡಬ್ಬದೊಳಗೆ ಸಕ್ಕರೆ, ಬೆಲ್ಲ ಸೇರಬಾರದು. ಯಾರಿಗೆ, ಎಷ್ಟು, ಹೇಗೆ ಕೊಡಬೇಕೆಂಬುದು ತಿಳಿದಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಒಳ್ಳೆಯ ರಾಗಿಯಿಂದಲೇ ತೊಂದರೆಯಾಗಬಹುದು.

ರಾಗಿಯಲ್ಲಿ ಏನಿದೆ?

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ. ಸುಣ್ಣದ ಅಂಶವಿದೆ. ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ ಇರುವುದು 10 ಮಿ.ಗ್ರಾಂ. ಆಸುಪಾಸು ಮಾತ್ರ. ಬೆಳೆಯುವ ಮೂಳೆಗೆ, ಹಲ್ಲಿಗೆ, ಬಾಣಂತಿಯರಿಗೆ ಇದು ಬೇಕಾದ ಅಂಶ. ನಾರಿನ ಅಂಶವೂ ಧಾರಾಳವಾಗಿದೆ.

ಆದರೆ ಸಸಾರಜನಕ 100 ಗ್ರಾಂಗೆ ಸುಮಾರು 7 ಗ್ರಾಂ ಮಾತ್ರ. ಕಬ್ಬಿಣದ ಅಂಶ ಸುಮಾರು 4.5 ಮಿ.ಗ್ರಾಂ. ಅದರಲ್ಲೂ ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಆದ್ದರಿಂದ ರಾಗಿಯೊಂದನ್ನೇ ಕುಡಿಸಿ ರಕ್ತಹೀನತೆ ವಾಸಿ ಮಾಡುತ್ತೇವೆಂದು ಕಬ್ಬಿಣದ ಮಾತ್ರೆ ನಿಲ್ಲಿಸುವುದು ತಪ್ಪು. ರಾಗಿಯನ್ನು ಮೊಳಕೆ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಸಸಾರಜನಕದ ಕೊರತೆಯನ್ನು ತುಂಬಲು ಹೆಸರುಕಾಳು ಸೇರಿಸಬೇಕು. ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶ ಬೇಳೆಕಾಳಿನಲ್ಲಿ ಹೆಚ್ಚಾಗಿರುವುದರಿಂದ ಎರಡೂ ಸೇರಿದಾಗ ಆಹಾರ ಪೂರ್ಣವಾಗುತ್ತದೆ.

ನೀರು ಸರಿ, ಬಡಕಲು ಮಗು

'ದಿನಕ್ಕೆ ಮೂರು ಸಲ ಸರಿ ತಿನ್ನಿಸ್ತೀನಿ ಸಾರ್, ಆದ್ರೂ ಮಗು ಮೈ ಹಿಡೀತಿಲ್ಲ' ಎಂದು ತಾಯಂದಿರು ಹೇಳುವುದನ್ನು ನಾವು ವೈದ್ಯರು ಆಗಾಗ ಕೇಳುತ್ತೇವೆ. ಹೇಗೆ ಮಾಡುತ್ತೀರಿ ಎಂದು ವಿಚಾರಿಸಿದಾಗ ಕಾರಣ ತಿಳಿಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಹಿಟ್ಟು! ಇದು ತಾಯಿಯ ಅಲಕ್ಷ್ಯವಲ್ಲ, ಹಿಟ್ಟಿನ ಗುಣ. ಸಾಮಾನ್ಯ ರಾಗಿ ಹಿಟ್ಟು ಬೆಂದಾಗ ನೀರು ಕುಡಿದು ಊದಿಕೊಳ್ಳುತ್ತದೆ. ಸ್ವಲ್ಪ ಹೆಚ್ಚು ಹಾಕಿದರೂ ಮುದ್ದೆಯಂತೆ ಗಟ್ಟಿಯಾಗಿ ಮಗು ನುಂಗುವುದಿಲ್ಲ. ಆಗ ತಾಯಿ ನೀರು ಬೆರೆಸುತ್ತಾಳೆ. 7 ಕೆ.ಜಿ. ತೂಕದ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 200 ಮಿ.ಲೀ. ಮಾತ್ರ. ಅದರಲ್ಲಿ ಮುಕ್ಕಾಲು ಪಾಲು ನೀರೇ ಆದರೆ ಹೊಟ್ಟೆ ತುಂಬಿದರೂ ಮೈಗೆ ಏನೂ ಸೇರುವುದಿಲ್ಲ.

ಮೊಳಕೆಯ ಪ್ರಯೋಜನ ಇಲ್ಲಿಯೇ ಇರುವುದು. ಕಾಳು ಮೊಳೆಯುವಾಗ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಸಣ್ಣ ಸಣ್ಣದಾಗಿ ತುಂಡರಿಸುವುದರಿಂದ ಗಂಜಿ ಅಂಟಂಟಾಗಿ ಗಟ್ಟಿಯಾಗುವುದಿಲ್ಲ. ಹಾಗಾಗಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಮಗು ಸುಲಭವಾಗಿ ನುಂಗುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯಲ್ಲಿ ದೇಶಿಕಾಚಾರ್, ಮಲ್ಲೇಶಿ ಮುಂತಾದ ವಿಜ್ಞಾನಿಗಳು 1980ರ ದಶಕದಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರದ ಬಗ್ಗೆ ಈ ನಿಟ್ಟಿನಲ್ಲೇ ಕೆಲಸ ಮಾಡಿದರು. ನಮ್ಮ ಅಜ್ಜಿಯರು ಮಾಡುತ್ತಿದ್ದ 'ಸರಿ ಹಿಟ್ಟಿ'ನ ಹಿಂದಿನ ವಿಜ್ಞಾನ ಇದೇ.

ಮಾಡುವ ಕ್ರಮ

ಒಂದು ಸಲಕ್ಕೆ ಮುಕ್ಕಾಲು ಕೆ.ಜಿ. ರಾಗಿ, ಕಾಲು ಕೆ.ಜಿ. ಹೆಸರುಕಾಳು ಸಾಕು.

1. ರಾಗಿಯನ್ನು ಮೊರದಲ್ಲಿ ಕೇರಿ, ಕಲ್ಲು ಮಣ್ಣು ತೆಗೆದು, ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆಯಿರಿ. ಕುಡಿಯುವ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ. ಹೆಸರುಕಾಳನ್ನು ಬೇರೆ ಪಾತ್ರೆಯಲ್ಲಿ ನೆನೆಹಾಕಿ.

2. ಬೆಳಿಗ್ಗೆ ನೀರು ಬಸಿದು, ಶುಭ್ರವಾದ ಹತ್ತಿ ಬಟ್ಟೆಯಲ್ಲಿ ಬೇರೆ ಬೇರೆಯಾಗಿ ಗಂಟು ಕಟ್ಟಿಡಿ. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಿ. ಹೆಸರುಕಾಳಿಗೆ ಒಂದು ದಿನ ಸಾಕು. ರಾಗಿಗೆ ಒಂದೂವರೆಯಿಂದ ಎರಡು ದಿನ ಬೇಕಾಗಬಹುದು. ಹುಳಿ ವಾಸನೆ ಬಂದರೆ, ಲೋಳೆಯಾದರೆ, ಬೂಷ್ಟು ಕಂಡರೆ ಪೂರ್ತಿ ಚೆಲ್ಲಿಬಿಡಿ. ತೊಳೆದು ಉಳಿಸಿಕೊಳ್ಳಲು ಹೋಗಬೇಡಿ.

3. ಧೂಳು, ನೊಣ ಬೀಳದಂತೆ ತೆಳುವಾದ ಬಟ್ಟೆ ಹೊದಿಸಿ ಬಿಸಿಲಿನಲ್ಲಿ ಒಣಗಿಸಿ. ಒಂದು ಕಾಳನ್ನು ಹಲ್ಲಿನಿಂದ ಕಚ್ಚಿದಾಗ 'ಕಟ್' ಎಂದು ಒಡೆಯಬೇಕು. ಮೆತ್ತಗಿದ್ದರೆ ಇನ್ನೊಂದು ದಿನ ಬಿಸಿಲು ಬೇಕು. ಮಳೆಗಾಲದ ಮೋಡದ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

4. ಒಣಗಿದ ಕಾಳನ್ನು ಕೈಯಲ್ಲಿ ಉಜ್ಜಿದರೆ ಮೊಳಕೆಗಳು ಉದುರುತ್ತವೆ. ಅವನ್ನು ಕೇರಿ ತೆಗೆಯಿರಿ. ಹೆಸರುಕಾಳಿನ ಸಿಪ್ಪೆಯನ್ನೂ ಆದಷ್ಟು ತೆಗೆಯಿರಿ.

5. ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿಯಿರಿ. ಕೆಂಪಗೆ, ಕಪ್ಪಗೆ ಹುರಿದರೆ ಮೇಲೆ ಹೇಳಿದ ಕಿಣ್ವ ನಾಶವಾಗುತ್ತದೆ. ಪಟ್ಟ ಶ್ರಮ ವ್ಯರ್ಥ.

6. ಪೂರ್ತಿ ಆರಿದ ಮೇಲೆ ಬೀಸಿಸಿ. ಮಿಲ್ಲಿಗೆ ಕೊಡುವುದಾದರೆ ಮೆಣಸಿನಪುಡಿ ಬೀಸಿದ ಯಂತ್ರಕ್ಕೆ ಹಾಕಿಸಬೇಡಿ. ರಾಗಿಯೋ ಅಕ್ಕಿಯೋ ಬೀಸಿದ ನಂತರ ಹಾಕಿಸಿ. ಮಗುವಿಗೆ ಎಂದು ಹೇಳಿದರೆ ಮಿಲ್ಲಿನವರು ಖಂಡಿತ ಸಹಕರಿಸುತ್ತಾರೆ. ಎಳೆಯ ಮಗುವಿಗಾದರೆ ತೆಳುವಾದ ಬಟ್ಟೆಯಲ್ಲಿ ಗಾಳಿಸಿ.

ಒಂದು ಎಚ್ಚರಿಕೆ. ರಾಗಿಯಂತೆಯೇ ಜೋಳವನ್ನೂ ಮೊಳಕೆ ಬರಿಸಿ ಸೇರಿಸುವವರಿದ್ದಾರೆ. ಜೋಳದ ಮೊಳಕೆಯಲ್ಲಿ ಸಯನೈಡ್ ವಿಷ ಬಿಡುಗಡೆ ಮಾಡುವ ವಸ್ತುವಿರುತ್ತದೆ. ಆದ್ದರಿಂದ ಮೊಳಕೆ ಜೋಳ ಬೇಡ.

ಡಬ್ಬದಲ್ಲಿ ಏನು ಇರಬಾರದು?

ಬೆಲ್ಲ ಮತ್ತು ಸಕ್ಕರೆ: ಬೆಲ್ಲಕ್ಕೆ ಹೆಸರಾದ ಜಿಲ್ಲೆ ನಮ್ಮದು. ಆಲೆಮನೆಯ ಬಿಸಿ ಬೆಲ್ಲದ ರುಚಿ ಬಲ್ಲವರಿಗೆ ಈ ಮಾತು ಕಹಿ ಎನಿಸಬಹುದು. ಆದರೆ ಬೆಲ್ಲವೂ ಬಹುಮಟ್ಟಿಗೆ ಸಕ್ಕರೆಯೇ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಹಿಟ್ಟು ಗಂಟುಕಟ್ಟಿ ಬೇಗ ಕೆಡುತ್ತದೆ. ಜೊತೆಗೆ, ಡಬ್ಬದಲ್ಲೇ ಸಿಹಿ ಸೇರಿದ್ದರೆ ಮನೆಯಲ್ಲಿ ಮಗು, ಸಕ್ಕರೆ ಕಾಯಿಲೆಯ ಅಜ್ಜ ಎಲ್ಲರೂ ಅದನ್ನೇ ಕುಡಿಯಬೇಕಾಗುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಸಕ್ಕರೆ, ಬೆಲ್ಲ, ಉಪ್ಪು ಯಾವುದೂ ಬೇಕಿಲ್ಲ.

ಕಡಲೆಕಾಯಿ ಬೀಜ, ಬಾದಾಮಿ, ಗೋಡಂಬಿ: ಇವುಗಳ ಎಣ್ಣೆಯಿಂದ ಹಿಟ್ಟು ಬೇಗ ಕಮಟು ಹಿಡಿಯುತ್ತದೆ. ಮುಗ್ಗಿದ ಕಡಲೆಕಾಯಿಯಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡಬಹುದು. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ಹಾನಿ. ಸುಕ್ಕಾದ, ಬಣ್ಣಗೆಟ್ಟ ಬೀಜಗಳನ್ನು ಆರಿಸಿ ಎಸೆಯಿರಿ. ಬೇಕೆನಿಸಿದಾಗ ಒಳ್ಳೆಯ ಬೀಜವನ್ನು ಆಗಲೇ ನುಣ್ಣಗೆ ಪುಡಿಮಾಡಿ ಸರಿಗೆ ಸೇರಿಸಿ. ಇಡೀ ಬೀಜವನ್ನಾಗಲಿ, ಚೂರನ್ನಾಗಲಿ ಚಿಕ್ಕ ಮಕ್ಕಳಿಗೆ ಕೊಡಬಾರದು. ಶ್ವಾಸನಾಳಕ್ಕೆ ಹೋದರೆ ಪ್ರಾಣಾಪಾಯ.

ಇಪ್ಪತ್ತು ಬಗೆಯ ಕಾಳು: ಹೆಚ್ಚು ಬಗೆ ಸೇರಿದಷ್ಟೂ ಹೆಚ್ಚು ಪುಷ್ಟಿ ಎಂಬ ನಂಬಿಕೆ ಸರಿಯಲ್ಲ. ಮಗುವಿಗೆ ಮೈಮೇಲೆ ಗಂಧೆ ಎದ್ದರೆ, ಭೇದಿಯಾದರೆ, ಯಾವುದು ಒಗ್ಗಲಿಲ್ಲವೆಂದು ಕಂಡುಹಿಡಿಯುವುದೇ ಕಷ್ಟ. ಒಂದೊಂದನ್ನೇ ಮೂರು ನಾಲ್ಕು ದಿನ ಕೊಟ್ಟು ನೋಡಿ ನಂತರ ಸೇರಿಸುವುದು ಕ್ರಮ.

ಕೆಡದಂತೆ ಇಡುವುದು

ಬಿಸಿ ಹಿಟ್ಟನ್ನು ಡಬ್ಬಕ್ಕೆ ತುಂಬಿ ಮುಚ್ಚಿದರೆ ಒಳಗೆ ಬೆವರಿ, ಆ ತೇವದಲ್ಲೇ ಬೂಷ್ಟು ಹುಟ್ಟುತ್ತದೆ. ಹಿಟ್ಟು ಚೆನ್ನಾಗಿ ಆರಿದ ಮೇಲೆ, ತೊಳೆದು ಬಿಸಿಲಿನಲ್ಲಿ ಒಣಗಿಸಿದ ಸ್ಟೀಲ್ ಡಬ್ಬ ಅಥವಾ ಗಾಜಿನ ಭರಣಿಗೆ ತುಂಬಿ ಬಿಗಿಯಾಗಿ ಮುಚ್ಚಿ. ಒಲೆಯ ಪಕ್ಕ, ಸಿಂಕಿನ ಕೆಳಗೆ ಇಡಬೇಡಿ. ಒದ್ದೆ ಚಮಚ ಹಾಕಬೇಡಿ. ಮಾಡಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅಂಟಿಸಿ. ಒಂದು ತಿಂಗಳಿಗೆ ಬೇಕಾದಷ್ಟು ಮಾತ್ರ ಬೀಸಿಸಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಸಾಕಾಗುವಷ್ಟು. ಹುರಿದ ಕಾಳನ್ನು ಹಾಗೆಯೇ ಇಟ್ಟುಕೊಂಡು ಆಗಾಗ ಬೀಸಿಸುವುದು ಇನ್ನೂ ಉತ್ತಮ. ಮುಗ್ಗಲು ವಾಸನೆ, ಕಹಿ, ಗಂಟು, ಹುಳು ಕಂಡರೆ ದಯೆ ತೋರದೆ ಎಸೆಯಿರಿ.

ಮಗುವಿಗೆ ಕೊಡುವ ಬಗೆ

ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು. ಆರು ತಿಂಗಳ ನಂತರ ಸರಿ ಶುರುಮಾಡಿ, ಎದೆಹಾಲನ್ನು ಎರಡು ವರ್ಷದವರೆಗೂ ಮುಂದುವರಿಸಿ.

ಎರಡು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಂದು ಸಣ್ಣ ಲೋಟ ಕುದಿಯುವ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕೈಯಾಡಿಸುತ್ತಾ ಬೇಯಿಸಿ. ಇಳಿಸಿದ ಮೇಲೆ ಅರ್ಧ ಚಮಚ ತುಪ್ಪ ಹಾಕಿ. ಮೊಳಕೆ ಬರಿಸುವಾಗ ರೋಗಾಣುಗಳು ಬೆಳೆದಿರಬಹುದಾದ್ದರಿಂದ ಮೊಳಕೆ ಹಿಟ್ಟನ್ನು ಬೇಯಿಸದೆ, ಬಿಸಿ ಹಾಲಿಗೆ ಕದಡಿ ಕೊಡಲೇಬಾರದು. ಮರಳಿನಲ್ಲಿ ಅರಳು ಹುರಿದು ಬೀಸಿದ ನಮ್ಮ ಹುರಿಹಿಟ್ಟು ಬೇರೆ. ಅದು ಆಗಲೇ ಬೆಂದಿರುತ್ತದೆ. ಆದರೆ ಮರಳಿನ ಕಣ ಉಳಿಯದಂತೆ ಜರಡಿ ಹಿಡಿಯಬೇಕು.

ಸರಿಯ ಹದ ತಿಳಿಯಲು ಸುಲಭ ಪರೀಕ್ಷೆಯಿದೆ. ಚಮಚವನ್ನು ಓರೆ ಮಾಡಿದಾಗ ನೀರಿನಂತೆ ಸುರಿಯಬಾರದು, ನಿಧಾನವಾಗಿ ಜಾರಬೇಕು. ಸುರಿದರೆ ಹಿಟ್ಟು ಸಾಲದು. ಸರಿಯನ್ನು ಬಾಟಲಿಯಲ್ಲಿ ಹಾಕಿ ಕುಡಿಸುವುದು ಬೇಡ; ಬಟ್ಟಲು, ಚಮಚವೇ ಸರಿ. ಮೊದಲಿಗೆ ಎರಡು ಮೂರು ಚಮಚದಿಂದ ಆರಂಭಿಸಿ, ಎಂಟು ತಿಂಗಳ ಹೊತ್ತಿಗೆ ಅರ್ಧ ಬಟ್ಟಲು, ದಿನಕ್ಕೆ ಎರಡು ಮೂರು ಸಲ ಊಟವಾಗಬೇಕು. ಬರೀ ಸರಿಯಲ್ಲೇ ನಿಲ್ಲಿಸದೆ ನುರಿದ ಅನ್ನ ಬೇಳೆ, ಸೊಪ್ಪು, ಬಾಳೆಹಣ್ಣು, ತಿನ್ನುವವರ ಮನೆಯಲ್ಲಿ ಮೊಟ್ಟೆ, ಮೀನು ಇವನ್ನೂ ಒಂದೊಂದಾಗಿ ಅಭ್ಯಾಸ ಮಾಡಿಸಬೇಕು. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸುವುದು ಬೇಡ. ಅದರಲ್ಲಿರಬಹುದಾದ ಒಂದು ರೋಗಾಣು ಎಳೆಯ ಮಕ್ಕಳಲ್ಲಿ ಪಾರ್ಶ್ವವಾಯುವಿನಂಥ ಅಪಾಯಕಾರಿ ಕಾಯಿಲೆ ತರಬಲ್ಲದು.

ಸಕ್ಕರೆ ಕಾಯಿಲೆಯವರ ಮಾಲ್ಟ್

'ಅನ್ನ ಬಿಟ್ಟಿದ್ದೇನೆ, ಬೆಳಿಗ್ಗೆ ಸಂಜೆ ರಾಗಿ ಮಾಲ್ಟ್ ಮಾತ್ರ, ಅದಕ್ಕೂ ಬೆಲ್ಲವೇ' ಎನ್ನುವ ಹಿರಿಯರ ರಕ್ತದಲ್ಲಿ ಸಕ್ಕರೆ ಏರಿರುವುದು ಅಪರೂಪವಲ್ಲ. ರಾಗಿಯಲ್ಲೂ ಮೂರನೇ ಎರಡು ಭಾಗ ಪಿಷ್ಟವೇ. ಮಗುವಿಗೆ ಅನುಕೂಲವಾದ ಗುಣವೇ ಇವರಿಗೆ ಅನನುಕೂಲ. ಮೊಳಕೆಯಿಂದ ಪಿಷ್ಟ ಆಗಲೇ ತುಂಡಾಗಿರುತ್ತದೆ, ಹಿಟ್ಟು ನುಣ್ಣಗಿರುತ್ತದೆ, ಗಂಜಿ ತೆಳ್ಳಗಿರುತ್ತದೆ. ಹಾಗಾಗಿ ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತದೆ. ಇವರಿಗೆ ಜರಡಿ ಹಿಡಿಯದ ಸಾಮಾನ್ಯ ಹಿಟ್ಟಿನ ಸಣ್ಣ ಮುದ್ದೆ, ಜೊತೆಗೆ ಸೊಪ್ಪಿನ ಸಾರು ಅಥವಾ ಕಾಳಿನ ಹುಳಿ ಮೇಲು. ಅಂಬಲಿ ಕುಡಿಯಲೇಬೇಕೆನಿಸಿದರೆ ಬೆಲ್ಲವಿಲ್ಲದೆ, ಮಜ್ಜಿಗೆ ಬೆರೆಸಿ, ಊಟದ ಬದಲಿಗೆ ಕುಡಿಯಬೇಕೇ ಹೊರತು ಊಟದ ಜೊತೆಗಲ್ಲ. 30 ಗ್ರಾಂ ಹಿಟ್ಟಿನಲ್ಲಿ ಸುಮಾರು 100 ಕ್ಯಾಲರಿ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ತಮ್ಮ ವೈದ್ಯರನ್ನು ಕೇಳಿಯೇ ಸೇವಿಸಬೇಕು.

ಅಂಗಡಿಯ ಪುಡಿ ಕೊಳ್ಳುವಾಗ

ಕೆಲಸಕ್ಕೆ ಹೋಗುವ ತಾಯಂದಿರಿಗೆ ಇಷ್ಟೆಲ್ಲ ಮಾಡಲು ಬಿಡುವಿರುವುದಿಲ್ಲ. ಕೊಳ್ಳುವುದೇ ಆದರೆ ಡಬ್ಬದ ಮುಂದಿನ ಚಿತ್ರ ನೋಡದೆ ಹಿಂದಿನ ಪಟ್ಟಿ ಓದಿ. ಹೆಚ್ಚು ತೂಕದ ಪದಾರ್ಥದ ಹೆಸರು ಮೊದಲು ಬರುತ್ತದೆ. ಸಕ್ಕರೆ, ಗ್ಲೂಕೋಸ್, ಮಾಲ್ಟೋಡೆಕ್ಸ್‌ಟ್ರಿನ್ ಮೊದಲ ಮೂರು ಹೆಸರುಗಳಲ್ಲಿದ್ದರೆ ಅದನ್ನು ಅಲ್ಲೇ ಬಿಡಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಆನ್‌ಲೈನ್ ಮಾರಾಟಗಾರರಿಗೆ ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಎಂಬ ವರ್ಗದಿಂದ ತೆಗೆಯುವಂತೆ ಸೂಚಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಹಾಲಿನೊಂದಿಗೆ ರಾಗಿ ಪುಡಿ ಬೆರೆಸಿ ಕೊಡುವ ಯೋಜನೆ ಆರಂಭವಾಯಿತು. ನಮ್ಮ ಹಿತ್ತಲ ಧಾನ್ಯಕ್ಕೆ ಹೀಗೆ ಮರ್ಯಾದೆ ಸಿಕ್ಕಿರುವುದು ಸಂತೋಷದ ಸಂಗತಿ.

ಕೊನೆಯದಾಗಿ ಒಂದು ಮಾತು. ಮಗುವಿಗೆ ಸರಿ ಹಿಡಿಸುತ್ತಿದೆಯೇ ಎಂದು ಹೇಳುವುದು ಡಬ್ಬವಲ್ಲ, ತಕ್ಕಡಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಮಗುವಿನ ತೂಕ ಹಾಕಿಸಿ ಕಾರ್ಡಿನಲ್ಲಿ ಬರೆಸಿ. ಎರಡು ತಿಂಗಳು ಸತತವಾಗಿ ತೂಕ ಏರದಿದ್ದರೆ, ಪದೇ ಪದೇ ಭೇದಿ, ಜ್ವರ ಬರುತ್ತಿದ್ದರೆ, ಮಗು ಬಿಳುಚಿಕೊಂಡಿದ್ದರೆ, ಇನ್ನೊಂದು ಬಗೆಯ ಪುಡಿ ಹುಡುಕುತ್ತಾ ಕೂರದೆ ವೈದ್ಯರಿಗೆ ತೋರಿಸಿ.